ಸಾಹೇಬ್ರ ಪಲ್ಲೆ ಇಲಾಖೆ

60 ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು, ಗೋಡೆ ಗಡಿಯಾರ ಹೊತ್ತುಕೊಂಡು ಮನೆಗೆ ಬರುವ ಸರಕಾರಿ ನೌಕರರಲ್ಲಿ ಎರಡು ಬಗೆ. ಬೆಂಗಳೂರಿನ ಮಗನ ಮನೆ ಸೇರಿ ಮೊಮ್ಮಗನ ಸ್ಕೂಲ್ ಬಸ್ಸಿಗೆ ಕಾಯುವವರು ಒಂದು ಬಗೆ. "ಇನ್ನ ಮ್ಯಾಲ ಪ್ಯಾಟಿ ಕಾಯಿಪಲ್ಲೆ ಮನಿಗಿ ಬರಬಾರದು" ಎಂದು ಆಜ್ಞೆ ಹೊರಡಿಸಿ ಹಿತ್ತಲಿಗೆ ಇಳಿಯುವವರು ಇನ್ನೊಂದು ಬಗೆ. ಈ ಎರಡನೆಯವರು ಬೀದರ, ಭಾಲ್ಕಿ, ಔರಾದದಲ್ಲಿ ಓಣಿಗೊಬ್ಬರಂತೆ ಸಿಗುತ್ತಾರೆ. ಮನ್ನಳ್ಳಿಯಲ್ಲಿ ಇಂಥವರೊಬ್ಬರಿಗೆ ಎಲ್ಲರೂ ಸಾಹೇಬ್ರು ಅನ್ನುತ್ತಾರೆ. ಅವರ ಹೆಸರು ಪೆನ್ಶನ್ ಪುಸ್ತಕದಲ್ಲಷ್ಟೇ ಉಳಿದಿದೆ.

ಸಾಹೇಬ್ರ ಕುರ್ಚಿ ಹೋಗಿದೆ, ಕಚೇರಿ ಹೋಗಿಲ್ಲ. ಅರ್ಧ ಗುಂಟೆ ಹಿತ್ತಲಿಗೆಂದು ಅವರು ಮೊದಲು ಕೊಂಡು ತಂದದ್ದು ರಜಿಸ್ಟರು. ಗುದ್ದಲಿ, ಖುರ್ಪಿ ಆಮೇಲೆ ಬಂದವು, ಸ್ಟಾಕಿಗೂ ಏರಿದವು. ದಾರ ಹಿಡಿದು ಮಡಿ ಮಾಡಿಸಿ, ಮಡಿಗೆ ನಂಬರು ಹಾಕಿ, ನಂಬರಿಗೊಂದು ಹುದ್ದೆ ಮಂಜೂರು ಮಾಡಿ ನೇಮಕಾತಿಗೆ ಕುಳಿತರು. ಆಯ್ಕೆಪಟ್ಟಿ ಹೀಗಿತ್ತು: ಗೋಬಿ, ಬ್ರೊಕೊಲಿ, ಶಿಮ್ಲಾ ಮಿರ್ಚಿ, ಸ್ಟ್ರಾಬೆರಿ. ಶಿವರಾತ್ರಿ ಆಗಲೇ ಮುಗಿದಿತ್ತು.

ಪಕ್ಕದ ಮನೆ ಕಟ್ಟೆಯ ಮೇಲಿನ ಮುತ್ಯಾ ನೋಡಿ ನೋಡಿ ಬಾಯಿಬಿಟ್ಟ. "ಸಾಹೇಬ್ರ, ಮೊದಲ ಸಲ ಮೆಂತೆ ಒಗೀರಿ."

"ಮೆಂತೇನು ಮುತ್ಯಾ? ಯಾವನರೆ ಬೆಳೀತಾನ."

"ಅದಕ್ಕೇ ಹೇಳ್ಲತ್ತೀನ್ರಿ. ಯಾವನರೆ ಬೆಳೀತಾನ ಅಂದ್ರ ನೀವೂ ಬೆಳೀತೀರಿ."

ಸಾಹೇಬ್ರು ಈ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಿಕೊಳ್ಳಲಿಲ್ಲ. ಗೋಬಿಗೆ ಗಡ್ಡೆ ಕಟ್ಟಲು ತಂಪು ಬೇಕು. ನಮ್ಮ ಕಡೆ ಅದರ ಸಸಿ ಮಳೆ ಹಿಂದೆ ಸರಿದ ಮೇಲೆ ನೆಲ ಕಾಣಬೇಕು. ಬ್ಯಾಸಗಿ ಬಿಸಿಲಿಗೆ ಬಂದ ಆ ಗೋಬಿ ಎಲೆ ಬಿಟ್ಟಿತು, ಇನ್ನಷ್ಟು ಎಲೆ ಬಿಟ್ಟಿತು, ಹೂವಿನ ಸುದ್ದಿಯನ್ನೇ ಎತ್ತಲಿಲ್ಲ. ಸಾಹೇಬ್ರು ದಿನಾ ಬೆಳಿಗ್ಗೆ ಮಡಿಯ ತಲೆಗೆ ನಿಂತು ಹಾಜರಿ ಹಿಡಿದರು. ರಜಿಸ್ಟರಿನ ಷರಾ ಕಾಲಮ್ಮಿನಲ್ಲಿ "ಕಾರಣ ಕೇಳಲಾಗಿದೆ" ಎಂದು ಬರೆದರು. ಉತ್ತರವನ್ನು ಕಂಬಳಿಹುಳು ತಿಂದಿತ್ತು. ಸ್ಟ್ರಾಬೆರಿಯಂತೂ ಹೇಳದೆ ಕೇಳದೆ ದೀರ್ಘ ರಜೆ ಹಾಕಿತು.

ಇದೆಲ್ಲ ನಡೆದಿರುವಾಗ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಸಾಹೇಬ್ರ ಮನೆಯವರು ಯಾವ ಮಂಜೂರಾತಿಯೂ ಇಲ್ಲದೆ ಒಂದು ಮಡಿ ಮಾಡಿಕೊಂಡಿದ್ದರು. ಮಿರಗದ ಮಳಿ ಹನಿಯಿತೋ ಇಲ್ಲವೋ, ಹವೀಜ ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರವಿ, ಹಳೆಯ ಚಪ್ಪಲಿ ಕೈಗೆ ತೊಟ್ಟು ಹಗುರಾಗಿ ಉಜ್ಜಿದರು. ಒಂದೊಂದು ಕಾಳೂ ಚಟ್ ಎಂದು ಎರಡು ಹೋಳಾಯಿತು.

"ಬೀಜ ಯಾಕ ಒಡೀಲತ್ತೀದಿ?" ಸಾಹೇಬ್ರು ಗಾಬರಿಯಾದರು.

"ಇಡೀ ಕಾಳು ಹಾಕಿದ್ರ ನಿಮ್ಮ ಆಫೀಸಿನ ಫೈಲ್ ಇದ್ದಂಗರೀ, ಎಂದು ಮ್ಯಾಲ ಏಳ್ತದೋ ಹೇಳಾಕ ಬರಂಗಿಲ್ಲ."

ಹವೀಜದ ಪಕ್ಕದಲ್ಲೇ ಒಗೆದ ಮೆಂತೆ ನಾಲ್ಕೈದು ದಿನಕ್ಕೆ ತಲೆ ಎತ್ತಿ, ತಿಂಗಳೊಳಗೆ ರೊಟ್ಟಿ ಪಕ್ಕ ಬಂದು ಕುಳಿತಿತು. ಸರಕಾರಿ ನೌಕರಿಗೆ ಪ್ರೊಬೇಷನ್ನೇ ಎರಡು ವರ್ಷ! ಮೂಲಂಗಿ ಒಂದೂವರೆ ತಿಂಗಳು ತೆಗೆದುಕೊಂಡಿತು. ಪುಂಡಿಯ ಕುಡಿ ಚಿವುಟಿದಷ್ಟೂ ಪಕ್ಕದಿಂದ ಮತ್ತೆ ಚಿಗುರಿತು. ಚವಳಿ ನೀರನ್ನೂ ಹೆಚ್ಚು ಬೇಡಲಿಲ್ಲ, ಗೊಬ್ಬರವನ್ನೂ ಬೇಡಲಿಲ್ಲ; ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದು ಉಣ್ಣುವ ಜಾತಿ ಅದು. ಹೀರೆಬಳ್ಳಿ ಕಾಂಪೌಂಡ್ ಹತ್ತಿ ಮುತ್ಯಾನ ಮನೆಗೂ ನಾಲ್ಕು ಕಾಯಿ ಕೊಟ್ಟಿತು. ಮನೆಯವರು ಬೀಜವನ್ನು ಒಂದೇ ದಿನ ಸುರಿಯದೆ ಹತ್ತು-ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಹಾಕುತ್ತಿದ್ದರು. ಹಾಗಾಗಿ ಪಲ್ಲೆ ಒಮ್ಮೆಲೇ ಬಂದು ಕೊಳೆಯಲೂ ಇಲ್ಲ, ತೀರಲೂ ಇಲ್ಲ.

ಸಾಹೇಬ್ರು ಬಗ್ಗಿದ್ದು ಬೆಂಡಿಯ ವಿಷಯದಲ್ಲಿ ಮಾತ್ರ, ಅದೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕಾ' ಎಂದು ಗೊತ್ತಾದ ಮೇಲೆ. ಎಲೆಯ ನರ ಹಳದಿಯಾಗುವ ರೋಗ ತಡೆಯಲೆಂದೇ ತಯಾರಾದ ತಳಿ, ಅರ್ಹತಾ ಪತ್ರ ಸರಿಯಿದೆ ಎಂದರು. ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದವರು ಮಾತ್ರ ಮನೆಯವರೇ.

ಇದೇ ತಳಿಯ ಇನ್ನೊಬ್ಬರು ಔರಾದದಲ್ಲಿದ್ದಾರೆ, ಸಾಹೇಬ್ರ ಬೀಗರು. ಸಂಜೆಯಾದರೆ ಇಬ್ಬರಿಗೂ ಫೋನಿನಲ್ಲಿ ಪರಿಶೀಲನಾ ಸಭೆ. ಇವರದು ಜಂಬಿಟ್ಟಿಗೆಯ ಕೆಂಪು ನೆಲ, ನೀರು ನಿಲ್ಲುವುದಿಲ್ಲ. ಅವರದು ಕರಿ ಎರೆ, ನೀರು ಬಿಡುವುದಿಲ್ಲ. ಮಡಿಯನ್ನು ಎತ್ತರಕ್ಕೆ ಏರಿಸದೆ ಮಳೆಗಾಲದಲ್ಲಿ ಬೀಗರ ಟಮಾಟಿ ಬೇರು ಕೊಳೆತು ಹೋಯಿತು. ಈ ಸುದ್ದಿ ಕೇಳಿದ ರಾತ್ರಿ ಸಾಹೇಬ್ರು ಒಂದು ರೊಟ್ಟಿ ಹೆಚ್ಚು ಉಂಡರು.

ದಸರೆ ಮುಗಿದ ಮೇಲೆ ಸಾಹೇಬ್ರು ಗಜ್ಜರಿ ಬಿತ್ತಿದರು. ಗಜ್ಜರಿಗೆ ಆಳದವರೆಗೂ ಹುಡಿಮಣ್ಣು ಬೇಕು. ಇಲ್ಲಿ ಗೇಣು ಇಳಿದರೆ ಕಲ್ಲು. ಕಲ್ಲು ಕಂಡ ಗಜ್ಜರಿ ಎರಡು ಕಾಲು ಬಿಟ್ಟಿತು, ಕೆಲವು ಮೂರು ಬಿಟ್ಟವು. ಸಾಹೇಬ್ರು ಅವನ್ನು ಬುಟ್ಟಿಯಡಿ ಮುಚ್ಚಿಟ್ಟರು.

ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ಚರಗ ಚೆಲ್ಲಿ, ಅಂಬಲಿ, ಸಜ್ಜಿರೊಟ್ಟಿ, ಭಜ್ಜಿ ಹಾಕಿಕೊಂಡು ಎಲ್ಲರೂ ಕುಳಿತರು. ಭಜ್ಜಿಯಲ್ಲಿ ಹಸಿ ತೊಗರಿಕಾಳಿನ ಜೊತೆ ಹಿತ್ತಲಿನ ಮೆಂತೆ, ಪಾಲಕ, ಸಬ್ಬಸಗಿ ಇದ್ದವು. ಗಜ್ಜರಿಯೂ ಇತ್ತು, ಹೆಚ್ಚಿದ ಮೇಲೆ ಕಾಲು ಎಣಿಸುವವರು ಯಾರು? "ಏನ್ ರುಚಿರೀ ಭಜ್ಜಿ!" ಎಂದು ಯಾರೋ ಅಂದದ್ದೇ ತಡ, ಸಾಹೇಬ್ರು ಗಂಟಲು ಸರಿಮಾಡಿಕೊಂಡರು: "ಎಲ್ಲಾ ನಮ್ಮ ತ್ವಾಟದ್ದೇರಿ. ನನ್ನ ಸೂಪರ್ವಿಜನ್‌ದಾಗ ಬೆಳದದ್ದು." ಮನೆಯವರು ಏನೂ ಅನ್ನದೆ ಇನ್ನೊಂದು ಸೌಟು ಬಡಿಸಿದರು.

ಮುತ್ಯಾ ಬೆರಳು ನೆಕ್ಕುತ್ತ ಕೇಳಿದ: "ಸಾಹೇಬ್ರ, ಇದರಾಗ ಆ ಗೋಬಿ ಎಲ್ಲದರಿ?"

"ಅದಕ್ಕ ವಿಆರ್‌ಎಸ್ ಕೊಟ್ಟು ಕಳಿಸೀನಿ, ಮುತ್ಯಾ."