ಡಿಟ್ ಡಾ ಒಗ್ಗರಣೆ
ನಮ್ಮ ಸೋದರಮಾವ 1984ರಲ್ಲಿ ಸೈನ್ಯಕ್ಕೆ ಸೇರಿದ್ದು ಸಿಗ್ನಲ್ಸ್‌ಗೆ. ಮೋರ್ಸ್ ಕೋಡ್ ಕಲಿಯಬೇಕು: ಚುಕ್ಕೆ-ಗೆರೆ ಅಂದರೆ ‘ಎ’, ಗೆರೆ-ಚುಕ್ಕೆ ಅಂದರೆ ‘ಎನ್’. ಮಾವನ ಕಿವಿಗೆ ಎರಡೂ ಒಂದೇ, ಮಳೆಗಾಲದ ಜೀರುಂಡೆ! ನಿದ್ದೆಯಲ್ಲೂ ‘ಡಿಟ್ ಡಾ’ ಎಂದು ಕನವರಿಸುತ್ತಿದ್ದರಂತೆ. ಪರೀಕ್ಷೆಯಲ್ಲಿ ಡುಮ್ಕಿ; ಮತ್ತೆ ಕೂತರು, ಮತ್ತೆ ಡುಮ್ಕಿ.

ಕಡೆಗೆ ಟ್ರೇಡ್ ಬದಲಾಯಿತು. ಅಡುಗೆ ಕಲಿಯಲು ಬಂದದ್ದು ನಮ್ಮ ಬೆಂಗಳೂರಿನ ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಸೆಂಟರ್‌ಗೆ. ಊರಲ್ಲಿ ಒಂದು ಲೋಟ ನೀರು ಕಾಯಿಸಿದವರಲ್ಲ (ಅಜ್ಜಿಯ ಸಾಕ್ಷ್ಯ). ಆದರೆ ಸಾಸಿವೆ ಸಿಡಿಯುವ ಚಟಪಟ ಮಾತ್ರ ತಕ್ಷಣ ಅರ್ಥವಾಯಿತಂತೆ!

ಈಗ ಪೆನ್ಷನ್. 6 ಜನಕ್ಕೆ ಉಪ್ಪಿಟ್ಟು ಮಾಡಿ ಎಂದರೆ ಕೈ ನಡುಗುತ್ತದೆ. 60ಕ್ಕಿಂತ ಕಮ್ಮಿ ಲೆಕ್ಕ ಬಾರದು.

ಮೊನ್ನೆ ಕುಕ್ಕರ್ ಕೂಗಿತು. “ಎಷ್ಟು ವಿಷಲ್ ಆಯ್ತು ರೀ?” ಅತ್ತೆ ಕೇಳಿದರು.

ಮಾವ ಪೇಪರ್‌ನಿಂದ ತಲೆ ಎತ್ತದೆ ಅಂದರು: “ಮೂರು ಗೆರೆ. ‘ಓ’.”

ಸರಿಯುತ್ತರವೇ!