ಬಗ್ಗದವನಿಗೇ ಭತ್ಯೆ

ಎರಡು ತೋಳು, ನಡುವೆ ಒಂದು ತಿರುಗಣೆ, ಮೈತುಂಬ ಡಿಗ್ರಿಯ ಗೆರೆ. ಗೋನಿಯೋಮೀಟರ್ ಅವರ ಠೀವಿಯೇ ಬೇರೆ. ಅಮೆರಿಕದಲ್ಲಿ ಸೊಂಟ ಹೋದ ಮಾಜಿ ಸೈನಿಕನ ಅಂಗವೈಕಲ್ಯ ಶೇಕಡಾ ಎಷ್ಟು ಎಂಬುದು ಬಹುಮಟ್ಟಿಗೆ ಇವರು ತೋರಿಸಿದ ಲೆಕ್ಕ. ಕೀಲುಗಳ ಚಲನೆ ಅಳೆಯಲು ಇವರಿಲ್ಲದೆ ಆಗದು ಎಂದು ಅಲ್ಲಿನ ನಿಯಮಾವಳಿಯೇ ಹೇಳುತ್ತದೆ. ಇದನ್ನು ಅವರು ಪತ್ರಕರ್ತನಿಗೆ ಎರಡೆರಡು ಸಲ ನೆನಪಿಸಿದರು.

“ತಮ್ಮ ಕೆಲಸ?”

“ಆಸಾಮಿ ಮುಂದಕ್ಕೆ ಬಗ್ಗುತ್ತಾನೆ, ನಾನು ಅಳೆಯುತ್ತೇನೆ. 90 ಡಿಗ್ರಿ ಬಗ್ಗಿದರೆ ಗಟ್ಟಿ ಬೆನ್ನು. 60 ದಾಟಿ 85ರೊಳಗೆ ನಿಂತರೆ ಶೇ. 10. 30 ದಾಟಿ 60ರೊಳಗಾದರೆ ಶೇ. 20. 30 ದಾಟದಿದ್ದರೆ ಶೇ. 40.”

“ಹಾಗಾದರೆ 33 ಡಿಗ್ರಿ ಬಗ್ಗಿದವನು?”

“ಹತ್ತಿರದ ಐದಕ್ಕೆ ಹೊಂದಿಸಬೇಕು. 33 ಅಂದರೆ 35, ಅವನಿಗೆ ಇಪ್ಪತ್ತು. 32 ಅಂದರೆ 30, ಅವನಿಗೆ ನಲವತ್ತು.”

ಆ ಒಂದು ಡಿಗ್ರಿಗೆ ತಿಂಗಳ ಭತ್ಯೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಗೋನಿಯೋಮೀಟರ್ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಮತ್ತೆ ನೋವು?”

“ಅದಕ್ಕೆ ನನ್ನಲ್ಲಿ ಗೆರೆ ಇಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಬಂದ ಬೆನ್ನುಮೂಳೆಯ ಸೂತ್ರವೇ ‘ನೋವು ಇರಲಿ, ಇಲ್ಲದಿರಲಿ’ ಎಂದು ಶುರುವಾಗುತ್ತದೆ. ಅದಕ್ಕೂ ಮೊದಲು ಅಲ್ಪ, ಮಧ್ಯಮ, ತೀವ್ರ ಅಂತ ಕಣ್ಣಂದಾಜಿನಲ್ಲಿ ತೂಗುತ್ತಿದ್ದರು. ನಾನು ಬಂದ ಮೇಲೆ ಶಿಸ್ತು ಬಂತು ನೋಡಿ!”

ಡಿಸ್ಕ್ ಕೆಟ್ಟವರಿಗೆ ಇನ್ನೊಂದು ದಾರಿಯಿದೆ: ವರ್ಷದಲ್ಲಿ ಒಟ್ಟು ಆರು ವಾರ ಹಾಸಿಗೆ ಹಿಡಿದರೆ ಶೇ. 60. ಆದರೆ ಮಲಗು ಎಂದು ವೈದ್ಯರೇ ಬರೆದುಕೊಟ್ಟಿರಬೇಕು. ಚೀಟಿಯಿಲ್ಲದೆ ಮಲಗಿದ್ದು ಇಲಾಖೆಯ ಕಣ್ಣಿಗೆ ಬರೀ ನಿದ್ದೆ.

“ಪರೀಕ್ಷೆಯ ದಿನ ಚೆನ್ನಾಗಿ ಬಗ್ಗಿದವನಿಗೆ ಮರುವಾರ ಚಪ್ಪಲಿ ಮೆಟ್ಟಲೂ ಆಗದಿದ್ದರೆ?” ಎಂದಾಗ ಮಾತ್ರ ಅವರ ತಿರುಗಣೆ ಸ್ವಲ್ಪ ಕಿರುಗುಟ್ಟಿತು.

“ಕೋರ್ಟಿನವರು ಬಿಡಲಿಲ್ಲ, ಸ್ವಾಮಿ. ನೋವು ಉಲ್ಬಣಿಸಿದಾಗ ಆಗುವ ನಷ್ಟವನ್ನೂ ಹಿಡಿಯಬೇಕು ಎಂದು 1995ರ ಡೆಲೂಕಾ ತೀರ್ಪು ಬಂತು. ಇವತ್ತು ನೋವಿಲ್ಲವಲ್ಲ ಎಂದು ಪರೀಕ್ಷಕ ಕೈ ತೊಳೆದುಕೊಳ್ಳುವಂತಿಲ್ಲ, ಸೈನಿಕನನ್ನೇ ಕೇಳಿ ಅಂದಾಜು ಮಾಡಬೇಕು ಎಂದು 2017ರಲ್ಲಿ ಶಾರ್ಪ್ ತೀರ್ಪು. ಅಂದಾಜು ನನ್ನ ಜಾಯಮಾನವಲ್ಲ.”

ಅವರ ಜಾಯಮಾನ ಏನೇ ಇರಲಿ, ಸೈನಿಕರದೂ ಒಂದು ಚಾಳಿಯಿದೆ: ಹಲ್ಲು ಕಚ್ಚಿ ಇನ್ನೂ ನಾಲ್ಕು ಡಿಗ್ರಿ ಬಗ್ಗಿ ತೋರಿಸುವುದು. ಅಲ್ಲಿ ಆ ಶೌರ್ಯ ಬೇಡ. ನೋವು ಯಾವ ಕೋನಕ್ಕೆ ಶುರುವಾಯಿತು, ಕೆಟ್ಟ ದಿನ ಎಷ್ಟರಮಟ್ಟಿಗೆ ಬಗ್ಗಲಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿ, ವರದಿಯಲ್ಲಿ ಬರೆಸಿಯೇ ಹೊರಗೆ ಬನ್ನಿ.