ಬೊಮ್ಮನಹಳ್ಳಿ ನೌಕಾಶಾಸ್ತ್ರ: ಅಲ್ಯೂಮಿನಿಯಂ ಪ್ರಕರಣ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಹೊಳೆಯ ಸುಳಿವೇ ಇಲ್ಲದ ಬೆಂಗಳೂರಿನ ಬೊಮ್ಮನಹಳ್ಳಿಗೆ ದೋಣಿಯ ಉಸಾಬರಿ ಏಕೆ ಎಂಬುದು ಪೂರ್ವಪಕ್ಷ. ಉತ್ತರಕ್ಕೆ ಪ್ರಮಾಣಗಳಿವೆ. 2016ರ ಜುಲೈ ಕೊನೆಗೆ ಮಡಿವಾಳ ಕೆರೆ ಉಕ್ಕಿ ಕೋಡಿಚಿಕ್ಕನಹಳ್ಳಿಯ ರಸ್ತೆಗಳಲ್ಲಿ ದೋಣಿ ಓಡಿತು, ಜನ ಮೀನು ಹಿಡಿದರು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದಾಗಲೂ ದೋಣಿಯೇ ಗತಿಯಾಯಿತು. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗವಿದೆಯೇ ಹೊರತು ದೋಣಿಯಿಲ್ಲವಲ್ಲ ಎಂದು ಇತಿಹಾಸಕಾರರು ತಕರಾರು ತೆಗೆಯಬಹುದು. ಆಗ ಕೆರೆಯ ನೀರು ಕೆರೆಯಲ್ಲೇ ಇರುತ್ತಿತ್ತು. ಅಷ್ಟು ಹಿಂದುಳಿದ ಕಾಲವನ್ನು ಪ್ರಮಾಣವಾಗಿ ಒಪ್ಪಲಾಗದು. ಆದ್ದರಿಂದ ಸಿದ್ಧಾಂತ ಇಷ್ಟು: ಈ ಊರಿನ ದೋಣಿ ನೀರಿನಲ್ಲಿ ಕೆಡುವುದಕ್ಕಿಂತ ನೀರಿಗಾಗಿ ಕಾದು ಕೆಡುವುದೇ ಹೆಚ್ಚು.

ಲೋಹಶಾಸ್ತ್ರವೂ ಇದಕ್ಕೆ ಸಾಕ್ಷಿ. ಗಾಳಿ ತಗುಲಿದ ಕೂಡಲೇ ಅಲ್ಯೂಮಿನಿಯಂ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಹೊದೆಯುತ್ತದೆ. ಗೀರು ಬಿದ್ದರೆ ಯಾರ ಸಹಿಗೂ ಕಾಯದೆ ತಾನೇ ತೇಪೆ ಹಾಕಿಕೊಳ್ಳುತ್ತದೆ. ಅದು ಕೆಡುವುದು ಸಹವಾಸದಿಂದ. ಮಳೆ ನಿಂತ ಮೇಲೆ ಒದ್ದೆಯಾಗಿಯೇ ಟಾರ್ಪಾಲಿನಡಿ ತುರುಕಿಟ್ಟ ದೋಣಿಯಲ್ಲಿ ಸ್ಟೇನ್‌ಲೆಸ್ ಬೋಲ್ಟಿಗೂ ಅಲ್ಯೂಮಿನಿಯಂ ಕೊಂಡಿಗೂ ನಡುವೆ ಚರಂಡಿನೀರಿನ ತೇವ ಉಳಿದು ಪುಟ್ಟ ಬ್ಯಾಟರಿಯೇ ಸಿದ್ಧವಾಗುತ್ತದೆ. ಅಲ್ಯೂಮಿನಿಯಂ ಸವೆಯುತ್ತದೆ, ಬೋಲ್ಟು ಮಾತ್ರ ಮಿರಮಿರ ಮಿಂಚುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ, ಅದನ್ನು ಕೆರೆದರೆ ಸಣ್ಣ ಸಣ್ಣ ಗುಳಿ: ಇವೇ ರೋಗಲಕ್ಷಣ. ಚಿಕಿತ್ಸೆಗೆ ಬೋಲ್ಟು ಬಿಚ್ಚಿ, ಶುದ್ಧ ನೀರಿನಲ್ಲಿ ತೊಳೆದು, ನೀರು ಬೆರೆಸಿದ ವಿನೆಗರ್ ಹಚ್ಚಿ, ನೈಲಾನ್ ಸ್ಕ್ರಬ್ಬರಿನಿಂದ ಉಜ್ಜಿ, ಮತ್ತೆ ತೊಳೆದು, ಒಣಗಿಸಿ, ಮೇಣ ಸವರಬೇಕು. ತಿರುಗಿ ಬಿಗಿಯುವಾಗ ನಡುವೆ ನೈಲಾನ್ ವಾಷರ್ ಇರಲೇಬೇಕು. ಸ್ಟೀಲ್ ಸ್ಕ್ರಬ್ಬರ್ ವರ್ಜ್ಯ, ಅದರ ಚೂರು ಸಿಕ್ಕಿಕೊಂಡಲ್ಲೆಲ್ಲ ಹೊಸ ಬ್ಯಾಟರಿ. ಕಾಸ್ಟಿಕ್ ಸೋಡಾ ಮಹಾಪಾತಕ. ಅದು ಪದರವನ್ನೂ ಕರಗಿಸಿ ಲೋಹಕ್ಕೇ ಬಾಯಿ ಹಾಕುತ್ತದೆ.

ರಕ್ಷಣಾ ದೋಣಿ ರಬ್ಬರಿನದಲ್ಲವೇ ಎಂಬುದು ಮೊದಲ ಆಕ್ಷೇಪ. ಗಾಳಿ ತುಂಬುವ ದೋಣಿಗೂ ಹುಟ್ಟಿನ ಕೊಳವೆ, ಅಡಿಹಲಗೆ ಎಷ್ಟೋ ಸಲ ಅಲ್ಯೂಮಿನಿಯಂನವೇ. ಇಷ್ಟೆಲ್ಲ ಉಜ್ಜುವ ಬದಲು ರಾಜಕಾಲುವೆಯ ಒತ್ತುವರಿ ತೆರವು ಮಾಡಬಾರದೇ ಎಂಬುದು ಎರಡನೆಯದು, ತುಸು ಗಟ್ಟಿಯಾದದ್ದು. ಆದರೆ ಕೊಂಡಿಗೆ ಒಬ್ಬ ಆಳು, ಒಂದು ಬಾಟಲಿ ವಿನೆಗರ್ ಸಾಕು. ಕಾಲುವೆಗೆ ಸರ್ವೆ, ನೋಟಿಸು, ತಡೆಯಾಜ್ಞೆ, ಮರುಸರ್ವೆ ಬೇಕು. ಲಾಘವವಿದ್ದ ಪಕ್ಷವೇ ಗ್ರಾಹ್ಯವೆಂದು ನ್ಯಾಯಶಾಸ್ತ್ರ ಒಪ್ಪಿರುವುದರಿಂದ ಈ ಆಕ್ಷೇಪವೂ ಬಿದ್ದುಹೋಯಿತು. ಉಳಿದದ್ದು ತಪಾಸಣೆಯ ಮುಹೂರ್ತ. ಅದಕ್ಕೆ ಪಂಚಾಂಗ ಬೇಡ, ಹವಾಮಾನ ಇಲಾಖೆಯೂ ಬೇಡ: ರಾಜಕಾಲುವೆಯ ಹೂಳು ಪೂರ್ತಿ ತೆಗೆಯಲಾಗಿದೆ ಎಂಬ ಪ್ರಕಟಣೆ ಹೊರಬಿದ್ದ ದಿನವೇ ದೋಣಿಯ ಬೋಲ್ಟುಗಳನ್ನು ಬಿಚ್ಚಿ ನೋಡತಕ್ಕದ್ದು.